ಸಂಬಳದ ಕೆಲಸವೂ ಮನಸ್ಸಿನ ಕೆಲಸವೂ

ಹೋದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಿ.ಕಾಂ. ತರಗತಿಯಲ್ಲಿ ಕನ್ನಡ ಪಾಠವನ್ನು ಎಚ್ಚರವಾಗಿದ್ದು ಕೇಳುತ್ತಿದ್ದ ನಾಲ್ಕೈದು ಮಂದಿಯಲ್ಲಿ ಅವನೂ ಒಬ್ಬ. ಈಗ ಬೆಂಗಳೂರಿನ ಒಂದು ಕಂಪೆನಿಯಲ್ಲಿದ್ದಾನೆ. ನಮ್ಮ ಊರು ಮಲಗಿರುವ ಹೊತ್ತಿನಲ್ಲಿ ಎಚ್ಚತ್ತಿರುವ ಯಾವುದೋ ದೇಶದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಸಂಬಳ ಚೆನ್ನಾಗಿಯೇ ಇದೆ. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟವನು, "ಸಾರ್, ಬಿಟ್ಟುಬಿಡಲೇ?" ಎಂದ. ಏನನ್ನು ಎಂದು ನಾನು ಕೇಳಲಿಲ್ಲ. ಅವನ ಕಣ್ಣಿನ ಕೆಳಗಿನ ಕಪ್ಪು ಅದನ್ನು ಆಗಲೇ ಹೇಳಿತ್ತು. ಮನಸ್ಸಿಗೆ ಒಗ್ಗುವ ಕೆಲಸವೆಂದರೆ ಬರೆಯುವುದು ಎಂದು ಅವನ ನಂಬಿಕೆ.

"ಯೋಚನೆ ಮಾಡಿ ಹೇಳೋಣ" ಎಂದೆ. ಮೇಷ್ಟರಿಗೆ ಉತ್ತರ ಗೊತ್ತಿಲ್ಲದಾಗ ಬರುವ ಮಾತು ಇದೆಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನದೂ ಆಗಿತ್ತು. ಎಂ.ಎ. ಮುಗಿಸಿ, ತಲೆಯ ತುಂಬ ಪಂಪನನ್ನು ಹೊತ್ತುಕೊಂಡು, ಎರಡು ವರ್ಷ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಂದ ಟಪಾಲನ್ನು ಆವಕದ ಪುಸ್ತಕದಲ್ಲಿ ಬರೆಯುವುದು, ಹೋಗುವುದನ್ನು ಜಾವಕದ ಪುಸ್ತಕದಲ್ಲಿ ಬರೆಯುವುದು, ಇದೇ ಕೆಲಸ. ಕಾಲೇಜಿನ ಉಪನ್ಯಾಸಕನಾದ ದಿನ ಬಂಧಮುಕ್ತನಾದೆ ಎಂದುಕೊಂಡೆ. ಈಗ ಇಲ್ಲಿಯೂ ಹಾಜರಿ, ಅಂಕಪಟ್ಟಿ, ಸಮಿತಿ, ವರದಿ. ಕುಮಾರವ್ಯಾಸನಿಗೆ ಉಳಿಯುವುದು ವಾರದಲ್ಲಿ ಒಂದೆರಡು ಗಂಟೆ, ಅದೂ ಪರೀಕ್ಷೆಯಲ್ಲಿ ಬರುವಷ್ಟು ಮಾತ್ರ. ಎರಡು ಸಲ ರಾಜೀನಾಮೆಯ ಪತ್ರ ಬರೆದು ಹರಿದು ಹಾಕಿದ್ದೇನೆ. ಪತ್ರದ ಭಾಷೆ ಸೊಗಸಾಗಿತ್ತು, ಬಂದ ಲಾಭ ಅಷ್ಟೆ.

ಇಂಥ ಸಂದರ್ಭದಲ್ಲಿ ನಮ್ಮವರು ಕೂಡಲೇ ಕಾಯಕದ ಮಾತನ್ನು ತೆಗೆಯುತ್ತಾರೆ. ಕಾಯಕವೇ ಕೈಲಾಸವೆಂದ ಮೇಲೆ ಗೊಣಗುವುದೇಕೆ ಎಂಬುದು ಅವರ ವಾದ. ಬಸವಣ್ಣನವರದೆಂದು ಬಹಳ ಜನ ತಿಳಿದಿರುವ ಆ ಭಾವ ವಾಸ್ತವವಾಗಿ ಆಯ್ದಕ್ಕಿ ಮಾರಯ್ಯನ ವಚನದ್ದು. ಮಾರಯ್ಯ ಯಾರ ಕೈಕೆಳಗೂ ದುಡಿದವನಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂದು ಕಥೆ. ತಾನೇ ಆರಿಸಿಕೊಂಡ ದುಡಿಮೆ, ತಾನೇ ಕಂಡುಕೊಂಡ ಮಿತಿ. ಕಾಯಕಕ್ಕೆ ಇವೆರಡೂ ಬೇಕು. ರಾತ್ರಿ ಪಾಳಿಯ ಹುಡುಗನಿಗೆ ಎರಡೂ ಇಲ್ಲ. ಅವನ ಬಾಯಿ ಮುಚ್ಚಿಸಲು ಮಾರಯ್ಯನನ್ನು ಕರೆಯುವುದು ಮಾರಯ್ಯನಿಗೂ ನ್ಯಾಯವಲ್ಲ. ಆದುದರಿಂದ ನಾನು ಹನ್ನೆರಡನೆಯ ಶತಮಾನವನ್ನು ಬಿಟ್ಟು ಇತ್ತಲಿನ ಕಾಲಕ್ಕೆ ಬಂದೆ. ಸಂಬಳದ ನೌಕರಿ ಎಂಬ ಪದಾರ್ಥ ನಮ್ಮ ನಾಡಿನ ಓದುಬರಹ ಬಲ್ಲವರ ಬದುಕನ್ನೆಲ್ಲ ಆವರಿಸಿದ್ದು ಕಳೆದ ನೂರೈವತ್ತು ವರ್ಷಗಳಲ್ಲಿ. ಹೊಸಗನ್ನಡವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅದರ ನೊಗಕ್ಕೆ ಕೊರಳು ಕೊಟ್ಟವರೇ. ಅವರು ಏನು ಮಾಡಿದರು?

ಮೊದಲು ನೆನಪಿಗೆ ಬಂದವರು ಫರ್ಡಿನೆಂಡ್ ಕಿಟ್ಟೆಲ್. ಅವರ ನಿಘಂಟು ನನ್ನ ಮೇಜಿನ ಮೇಲೆಯೇ ಇರುವುದರಿಂದ ಅವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಅವರು 1832ರಲ್ಲಿ ಜರ್ಮನಿಯ ಉತ್ತರ ಕಡಲ ತೀರದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಮಂಗಳೂರಿಗೆ ಬಂದಿಳಿದಾಗ ಇಪ್ಪತ್ತೊಂದು ವರ್ಷದ ತರುಣ. ಅವರನ್ನು ಕಳುಹಿಸಿದ್ದು ನಿಘಂಟು ಬರೆಯುವುದಕ್ಕಲ್ಲ, ಧರ್ಮಪ್ರಸಾರಕ್ಕೆ. ಧಾರವಾಡದ ಕಡೆ ಕನ್ನಡ ಕಲಿತರು. ಜನರ ನಡುವೆ ಜನರಂತೆ ಇದ್ದರಲ್ಲದೆ ಅವರ ಮನಸ್ಸು ತಿಳಿಯದು ಎಂಬುದು ಅವರ ನಿಲುವು. ನಿಲುವು ಒಳ್ಳೆಯದೇ. ಆದರೆ ದೊಡ್ಡ ಸಂಸ್ಥೆಗಳಿಗೆ ಇಂಥ ನಿಲುವುಗಳು ರುಚಿಸುವುದು ಅಪರೂಪ. ಮಿಷನ್ನಿನ ಶಿಸ್ತು ಬಹಳ ಬಿಗಿ. ಅದರ ಸೇವೆಯಲ್ಲಿದ್ದವರು ಮದುವೆಯಾಗಬೇಕಾದರೂ ಬಾಸೆಲಿನ ಒಪ್ಪಿಗೆ ಬೇಕು. ಮೇಲಿನವರಿಗೂ ಕಿಟ್ಟೆಲರಿಗೂ ಸರಿಬೀಳಲಿಲ್ಲ. ಸಹೋದ್ಯೋಗಿಗಳ ನಡುವೆಯೂ ಅವರು ಒಂಟಿಯಾಗಿಯೇ ಉಳಿದರು.

ಅಂದರೆ, ಯಾವ ಕೆಲಸಕ್ಕಾಗಿ ಊರು ಬಿಟ್ಟು ಕಡಲು ದಾಟಿ ಬಂದರೋ ಆ ಕೆಲಸವೇ ಅವರಿಗೆ ತೃಪ್ತಿಯನ್ನು ಕೊಡಲಿಲ್ಲ, ಅವರಿಂದ ಆ ಕೆಲಸಕ್ಕೂ ತೃಪ್ತಿಯಾಗಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಕೆಲಸದಲ್ಲಿ ಸೋತವರು. ಇದರ ಮೇಲೆ ಮನೆಯ ದುಃಖ ಬೇರೆ. 1860ರಲ್ಲಿ ಮದುವೆಯಾದ ಪಾವ್ಲೀನೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯನ್ನು ಕಿಟ್ಟೆಲರು ಮದುವೆಯಾದರು.

ಈ ಎಲ್ಲ ತೊಡಕಿನ ನಡುವೆ ಒಂದು ಕೆಲಸ ಮಾತ್ರ ಸದ್ದಿಲ್ಲದೆ ಬೆಳೆಯುತ್ತಿತ್ತು. ಪ್ರಸಾರಕ್ಕೆಂದು ಕಲಿತ ಭಾಷೆ ಅವರನ್ನೇ ಹಿಡಿದುಕೊಂಡಿತು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿ 'ಕಥಾಮಾಲೆ'ಯನ್ನು ಪ್ರಕಟಿಸಿದರು. ಇದನ್ನು ಇನ್ನೂ ಮಿಷನ್ನಿನ ಕೆಲಸವೆನ್ನಬಹುದು. ಆದರೆ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ್ದು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅಚ್ಚು ಹಾಕಿಸಿದ್ದು, ಇವುಗಳಿಂದ ಯಾವ ಸಭೆಗೆ ಎಷ್ಟು ಜನ ಹೆಚ್ಚಿಗೆ ಬಂದಾರು? ಆಮೇಲೆ ನಿಘಂಟು. ಮಿಷನ್ನಿನವರ ಮತ್ತು ಅಧಿಕಾರಿಗಳ ಉಪಯೋಗಕ್ಕಾದರೆ ಅದರ ಕಾಲುಭಾಗದ ಪುಸ್ತಕ ಸಾಕಾಗುತ್ತಿತ್ತೆಂದು ನನ್ನ ಅಭಿಪ್ರಾಯ. 1832ರಲ್ಲಿಯೇ ಹೊರಬಂದ ರೀವ್ ಅವರ ನಿಘಂಟು ಇದ್ದೇ ಇತ್ತು. ಅದನ್ನು ತಿದ್ದಿ ಹಿಗ್ಗಿಸಿದ್ದರೆ ಆ ಉದ್ದೇಶ ನೆರವೇರುತ್ತಿತ್ತು. ಕಿಟ್ಟೆಲರು ಅದರಲ್ಲಿ ನಿಲ್ಲಲಿಲ್ಲ. ಹಳಗನ್ನಡದ ಪ್ರಯೋಗಗಳನ್ನು ತಂದರು, ಹಳ್ಳಿಯವರ ಗಾದೆಗಳನ್ನು ತಂದರು, ಸಂಸ್ಕೃತಕ್ಕೆ ಹೋದ ದ್ರಾವಿಡ ಪದಗಳಾವುವು ಎಂದು ವಿಚಾರ ಮಾಡಿದರು. 1877ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಹಿಂದಿರುಗಿದವರು 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ ಐವತ್ತೊಂದು ವರ್ಷ. ಆ ವಯಸ್ಸಿನಲ್ಲಿ ನಮ್ಮ ಸಹೋದ್ಯೋಗಿಗಳು ನಿವೃತ್ತಿವೇತನದ ಲೆಕ್ಕ ಹಾಕುತ್ತಿರುತ್ತಾರೆ. ಅವರು ಬಂದದ್ದು ಪದಗಳಿಗಾಗಿ. 1892ರವರೆಗೆ ಇಲ್ಲಿಯೇ ಇದ್ದು, 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬರುವುದನ್ನು ಕಂಡರು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಅಲ್ಲಿಗೂ ಮುಗಿಯಲಿಲ್ಲ. 1903ರಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದು, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಕಣ್ಣುಮುಚ್ಚಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಿಟ್ಟೆಲರು ಮಿಷನ್ನನ್ನು ಬಿಡಲಿಲ್ಲ. ಬಿಟ್ಟಿದ್ದರೆ ಮುದ್ರಣಾಲಯ, ಪಂಡಿತರ ನೆರವು, ಓಲೆಗರಿಗಳು ಎಲ್ಲವೂ ಕೈತಪ್ಪುತ್ತಿದ್ದವು. ಹಾಗೆಂದು ಮಿಷನ್ ಕೊಟ್ಟ ಕೆಲಸಕ್ಕೆ ಮನಸ್ಸನ್ನು ಒಗ್ಗಿಸಿಕೊಂಡರೆಂದೂ ಹೇಳುವಂತಿಲ್ಲ. ಕೊಟ್ಟ ಕೆಲಸದ ಒಳಗೆ, ಕೊಟ್ಟವರು ಅಳೆಯಲಾರದ ಇನ್ನೊಂದು ಕೆಲಸವನ್ನು ಬೆಳೆಸಿದರು. ಅದಕ್ಕೆ ಹಿಡಿದದ್ದು ಹತ್ತಿರ ಹತ್ತಿರ ನಲವತ್ತು ವರ್ಷ.

ನಿಘಂಟು ಹೊರಬಂದ ಮರುವರ್ಷ, 1895ರಲ್ಲಿ, ಮೈಸೂರಿನ 'ಕಾವ್ಯಮಂಜರಿ' ಪತ್ರಿಕೆಯಲ್ಲಿ 'ಅದ್ಭುತ ರಾಮಾಯಣ' ಎಂಬ ಗದ್ಯಕಾವ್ಯ ಬೆಳಕು ಕಂಡಿತು. ಹಳೆಯ ಕಾವ್ಯಗಳನ್ನು ಶೋಧಿಸಿ ಅಚ್ಚು ಹಾಕುವುದು ಆ ಪತ್ರಿಕೆಯ ವ್ರತ. ಉಡುಪಿಯ ಕಡೆಯಿಂದ ಹಳೆಯ ಗ್ರಂಥವೊಂದು ಸಿಕ್ಕಿತೆಂದು ಪ್ರತಿ ಬಂದಿತ್ತು. ಸಂಪಾದಕರಾದ ಪಂಡಿತರು ನಂಬಿದರು. ಆಮೇಲೆ 'ಶ್ರೀರಾಮ ಪಟ್ಟಾಭಿಷೇಕ' ಬಂತು, 'ಶ್ರೀರಾಮಾಶ್ವಮೇಧ' ಬಂತು. ಕಳುಹಿಸುತ್ತಿದ್ದವನು ಪ್ರಾಚೀನ ಪ್ರತಿಗಳ ಒಡೆಯನಲ್ಲ, ಶಾಲೆಯ ಡ್ರಿಲ್ ಮೇಷ್ಟರು. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಮನೆಯವರಿಗೆ ಮುದ್ದಣ.

ಮುದ್ದಣ 1870ರಲ್ಲಿ ಬಡ ಮನೆತನದಲ್ಲಿ ಹುಟ್ಟಿದವನು. ಉಡುಪಿಯಲ್ಲಿ ಓದಿಗೆ ಸೇರಿದರೂ ಅದನ್ನು ದೂರ ಕೊಂಡೊಯ್ಯುವ ಅನುಕೂಲವಿರಲಿಲ್ಲ. ಮದರಾಸಿಗೆ ಹೋಗಿ ಅಂಗಸಾಧನೆಯ ತರಬೇತಿ ಪಡೆದು ಬಂದು ಹುಡುಗರಿಗೆ ಕವಾಯತು ಕಲಿಸುವ ಉದ್ಯೋಗಕ್ಕೆ ನಿಂತ. ಸ್ವಲ್ಪ ಯೋಚಿಸಿ ನೋಡಿ. ಹಳಗನ್ನಡ ಗದ್ಯದ ಮರ್ಮವನ್ನು ಆ ಕಾಲದಲ್ಲಿ ಅವನಷ್ಟು ಬಲ್ಲವರು ಎಷ್ಟು ಮಂದಿ ಇದ್ದರೋ! ಅಂಥವನು ದಿನವೂ ಬಿಸಿಲಿನಲ್ಲಿ ನಿಂತು ಸಾಲು ಸರಿಮಾಡಿಸಿ ಎಡಗಾಲು ಬಲಗಾಲು ಎಂದು ಕೂಗಬೇಕು. ಅದೇ ಗೋಡೆಯ ಆಚೆ ಇನ್ನೊಬ್ಬರು ಕನ್ನಡ ಪಾಠ ಹೇಳುತ್ತಿದ್ದಿರಬೇಕು. ಈ ಗೋಡೆಯನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ನಾನು ಆಚೆಯ ಕಡೆಯವನು.

ಅವನು ಹೆಸರು ಮರೆಸಿದ್ದೇಕೆ? ವಿನಯವೆಂದು ಹಲವರು ಹೇಳುತ್ತಾರೆ. ನನಗೆ ಹಾಗೆ ಮಾತ್ರ ತೋರುವುದಿಲ್ಲ. ಡ್ರಿಲ್ ಮೇಷ್ಟರ ಗದ್ಯವನ್ನು ಮೈಸೂರಿನ ಪಂಡಿತರು ಓದುವ ಮೊದಲೇ ಬದಿಗಿಡಬಹುದು. ಹಳೆಯ ಕವಿಯದೆಂದರೆ ಕನ್ನಡಕ ಒರಸಿಕೊಂಡು ಓದುತ್ತಾರೆ. ಉದ್ಯೋಗ ಅವನ ಮೇಲೆ ಅಂಟಿಸಿದ್ದ ಚೀಟಿಯನ್ನು ಕಿತ್ತುಹಾಕಿ ಬರಹವನ್ನು ಬರಹವಾಗಿಯೇ ಓದಿಸುವುದಕ್ಕೆ ಅವನಿಗೆ ಕಂಡ ಉಪಾಯ ಇದೊಂದೇ ಇದ್ದೀತು. ಇದು ನನ್ನ ಊಹೆ. ಆದರೆ 'ರಾಮಾಶ್ವಮೇಧ'ದ ಆರಂಭವನ್ನು ಓದಿದವರು ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾರರು. ಮಳೆಗಾಲ, ಕವಿ ಮುದ್ದಣ ಅರಮನೆಯಿಂದ ಮನೆಗೆ ಬರುತ್ತಾನೆ, ಹೆಂಡತಿ ಮನೋರಮೆ ಉಪಚರಿಸಿ ಕಥೆ ಹೇಳೆಂದು ಕೇಳುತ್ತಾಳೆ, ಪದ್ಯವೋ ಗದ್ಯವೋ, ಬಹುಮಾನವೇನು ಎಂದು ಸರಸದ ಚರ್ಚೆ ನಡೆಯುತ್ತದೆ. ಕನ್ನಡದ ಮಕ್ಕಳೆಲ್ಲ ಶಾಲೆಯಲ್ಲಿ ನಕ್ಕು ಓದಿದ ಭಾಗ ಅದು. ಬರೆದವನು ಬರುತ್ತಿದ್ದುದು ಅರಮನೆಯಿಂದಲ್ಲ, ಶಾಲೆಯ ಬಯಲಿನಿಂದ. ಅರಸನ ಓಲಗದ ಬದಲು ಹುಡುಗರ ಸಾಲು. ಮನೆಯಲ್ಲಿ ಕಾದಿದ್ದವಳ ಹೆಸರು ಕಮಲೆ. ಅವನಿಗೆ ಸಲ್ಲಬೇಕಾಗಿದ್ದ ಸ್ಥಾನವನ್ನು ಯಾರೂ ಕೊಡದಿದ್ದಾಗ ಅವನೇ ಅದನ್ನು ಕಾಗದದ ಮೇಲೆ ಕೊಟ್ಟುಕೊಂಡ. ತಾನು ಬಯಸಿದ ಹುದ್ದೆಗೆ ಇಷ್ಟು ಸೊಗಸಾದ ಅರ್ಜಿ ಕನ್ನಡದಲ್ಲಿ ಇನ್ನೊಂದಿಲ್ಲ.

ಅರ್ಜಿಯ ತೀರ್ಮಾನ ಅವನ ಜೀವಿತದಲ್ಲಿ ಆಗಲಿಲ್ಲ. 1901ರ ಫೆಬ್ರುವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗ ಅವನನ್ನು ಕೊಂಡೊಯ್ದಿತು. ಆ ಕೃತಿಗಳ ಕರ್ತೃ ಯಾರೆಂಬುದು ನಾಡಿಗೆಲ್ಲ ತಿಳಿದದ್ದು ಅವನು ಹೋದ ಮೇಲೆ.

ಬಡತನವೇ ಅವನಿಂದ ಕಾವ್ಯ ಬರೆಸಿತು ಎಂದು ಸಭೆಗಳಲ್ಲಿ ಹೇಳುವವರನ್ನು ಕೇಳಿದ್ದೇನೆ. ಅದು ಹೊಟ್ಟೆ ತುಂಬಿದವರ ಮಾತು. ಬಡತನ ಅವನಿಂದ ಬರೆಸಿದ್ದಕ್ಕಿಂತ ಬರೆಯದಂತೆ ಮಾಡಿದ್ದೇ ಹೆಚ್ಚು. ಹೊಟ್ಟೆಗೆ, ಔಷಧಕ್ಕೆ, ಬಿಡುವಿಗೆ ಸಾಕಾಗುವ ಉದ್ಯೋಗ ದೊರೆತಿದ್ದರೆ ಅವನು ಇನ್ನು ಮೂವತ್ತು ವರ್ಷ ಬರೆಯುತ್ತಿದ್ದನೇನೋ. ಉದ್ಯೋಗದ ಅತೃಪ್ತಿಯ ನಡುವೆಯೂ ಮಹತ್ತ್ವದ ಕೆಲಸ ಆಗಬಹುದೆಂಬುದಕ್ಕೆ ಮುದ್ದಣ ಸಾಕ್ಷಿ. ಅದಕ್ಕಾಗಿ ತೆರಬೇಕಾದ ಬೆಲೆಗೂ ಅವನೇ ಸಾಕ್ಷಿ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡುವುದು ಚರಿತ್ರೆಯಲ್ಲ.

ಹಾಗಾದರೆ ಬಿಟ್ಟವರು ಯಾರೂ ಇಲ್ಲವೇ? ಇದ್ದಾರೆ. ಟಿ. ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷವಿದ್ದು, ಅದನ್ನು ಬಿಟ್ಟು ನಾಟಕಕ್ಕೆ ಬಂದರು. ತರುಣರಿಗೆ ಈ ಕಥೆ ಬಹಳ ಪ್ರಿಯ. ಅವರ ತಂದೆ ಸಂಸ್ಥಾನದ ನ್ಯಾಯಾಧೀಶರಾಗಿದ್ದರೆಂಬುದನ್ನು ಅದೇ ಉಸಿರಿನಲ್ಲಿ ಹೇಳುವವರು ಕಡಮೆ. ಕೈಲಾಸಂ ಸುಖವಾಗಿ ಬಾಳಿದರೆಂದು ನನ್ನ ಅರ್ಥವಲ್ಲ. ಆದರೆ ಬೀಳುವವನ ಕೆಳಗೆ ಹುಲ್ಲಿನ ಮೆದೆ ಇದೆಯೋ ಬಂಡೆ ಇದೆಯೋ ನೋಡದೆ, ಅವನು ಹಾರಿದನಲ್ಲ ನೀನೂ ಹಾರು ಎನ್ನುವುದು ವಿವೇಕವಲ್ಲ.

ಮಾಸ್ತಿಯವರ ವಿಷಯ ಬೇರೆ. ಅದರಲ್ಲಿ ವಿಚಾರ ಮಾಡಬೇಕಾದ್ದು ಹೆಚ್ಚಿದೆ. 1891ರಲ್ಲಿ ಹುಟ್ಟಿದ ಅವರು ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅಸಿಸ್ಟೆಂಟ್ ಕಮಿಷನರ್ ಹುದ್ದೆಯಿಂದ ಆರಂಭಿಸಿ ಸುಮಾರು ಮೂವತ್ತು ವರ್ಷ ಅಧಿಕಾರದಲ್ಲಿದ್ದರು. 1943ರಲ್ಲಿ, ತಮಗಿಂತ ಕಿರಿಯರೊಬ್ಬರನ್ನು ತಮಗೆ ಸಲ್ಲಬೇಕಾಗಿದ್ದ ಸ್ಥಾನಕ್ಕೆ ಏರಿಸಿದರೆಂದು ರಾಜೀನಾಮೆ ಕೊಟ್ಟರು. ಸಾಹಿತ್ಯಕ್ಕಾಗಿ ಕೆಲಸ ಬಿಟ್ಟರು ಎಂದು ಕೆಲವರು ಹೇಳುವುದುಂಟು, ಅದು ತಪ್ಪು. ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, 'ಸುಬ್ಬಣ್ಣ' ಬಂದದ್ದು 1928ರಲ್ಲಿ, ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದದ್ದು 1929ರಲ್ಲಿ. ಇವೆಲ್ಲ ನಡೆದದ್ದು ಕಡತಗಳ ನಡುವೆಯೇ. ಬರೆಯಲು ಹೊತ್ತಿಲ್ಲವೆಂದು ಅವರು ಬಿಡಲಿಲ್ಲ, ಮರ್ಯಾದೆ ಉಳಿಯದೆಂದು ಬಿಟ್ಟರು. ಈ ಎರಡು ಬಗೆಯ ಅತೃಪ್ತಿಯನ್ನು ನಾವು ಒಂದೇ ಎಂದು ಕಲಸಿಬಿಡುತ್ತೇವೆ. ಬೇಸರದ ಕೆಲಸದ ಪಕ್ಕದಲ್ಲಿ ಇನ್ನೊಂದನ್ನು ಬೆಳೆಸಬಹುದು. ಅವಮಾನದ ಪಕ್ಕದಲ್ಲಿ ಏನನ್ನೂ ಬೆಳೆಸುವುದು ಕಷ್ಟ. ಅದು ಮಣ್ಣನ್ನೇ ಕೆಡಿಸುತ್ತದೆ.

ರಾಜೀನಾಮೆಯ ಮರುವರ್ಷ ಅವರು 'ಜೀವನ' ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ಎರಡು ದಶಕ ನಡೆಸಿದರು. ಮುಂದೆ ಬರೆದ ಎರಡು ಕಾದಂಬರಿಗಳು, 'ಚೆನ್ನಬಸವನಾಯಕ' ಮತ್ತು 1956ರ 'ಚಿಕವೀರ ರಾಜೇಂದ್ರ', ರಾಜ್ಯಗಳು ಕೆಡುವ ಬಗೆಯನ್ನು ಕುರಿತವು. ಎರಡನೆಯದರಲ್ಲಿ ಕೊಡಗಿನ ಕಡೆಯ ದೊರೆ ಕೆಟ್ಟಿದ್ದಾನೆ. ಮಂತ್ರಿ ಬೋಪಣ್ಣನ ಎದುರಿಗೆ ಒಂದು ಪ್ರಶ್ನೆ ನಿಂತಿದೆ. ಒಡೆಯ ಸರಿಯಿಲ್ಲದಾಗ ಸೇವಕನು ಎಲ್ಲಿಯವರೆಗೆ ಇರಬೇಕು, ಯಾವಾಗ ಕೈಬಿಡಬೇಕು, ಕೈಬಿಟ್ಟರೆ ನಾಡಿನ ಗತಿ ಏನು? ಮೂವತ್ತು ವರ್ಷ ಸರಕಾರದ ಚಾಕರಿ ಮಾಡಿ ಒಂದು ದಿನ ಎದ್ದು ಹೊರಟವರಲ್ಲದೆ ಇನ್ನಾರು ಆ ಪ್ರಶ್ನೆಯನ್ನು ಅಷ್ಟು ಒಳಗಿನಿಂದ ಬಲ್ಲರು? ಆ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕಚೇರಿಯಲ್ಲಿ ಕಳೆದ ವರ್ಷಗಳು ಲೆಕ್ಕದಿಂದ ಬಿಟ್ಟುಹೋಗಲಿಲ್ಲ. ಬೇರೆ ಖಾತೆಗೆ ಜಮೆಯಾದವು.

ಇದನ್ನು ಬರೆಯುತ್ತಿರುವಾಗ ನನ್ನ ಗುಮಾಸ್ತಗಿರಿಯ ದಿನಗಳ ಒಂದು ನೋಟ್‌ಪುಸ್ತಕ ನೆನಪಾಗಿ ಅಟ್ಟದಿಂದ ಇಳಿಸಿದೆ. ಆವಕದ ಪುಸ್ತಕ ಬರೆಯಬೇಕಾದರೆ ಅರ್ಜಿಗಳನ್ನು ಓದಲೇಬೇಕು. ರೈತರ ಅರ್ಜಿಗಳಲ್ಲಿ ಬರುತ್ತಿದ್ದ ಮಾತುಗಳನ್ನು, ಬೇಸರ ಕಳೆಯುವುದಕ್ಕೆಂದು, ನಾನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿದ್ದೆ. ಚಕ್ಕುಬಂದಿ, ಬಾಂದುಕಲ್ಲು, ಖರಾಬು, ತರಿ, ಖುಷ್ಕಿ, ಬಾಗಾಯ್ತು. ಕೆರೆಯ ತೂಬಿಗೆ, ಕೋಡಿಗೆ, ನೀರಿನ ಸರದಿಗೆ ಊರೂರಿಗೂ ಬೇರೆ ಬೇರೆ ಮಾತು. ಎದುರಿಗೆ ಕುಳಿತಿದ್ದ ಹಿರಿಯ ಗುಮಾಸ್ತರೊಬ್ಬರು, "ಏನಪ್ಪಾ ಎಂಎ, ಅರ್ಜಿಗೆ ನಂಬರು ಹಾಕು, ಅರ್ಥ ಆಮೇಲೆ ಹುಡುಕು" ಎನ್ನುತ್ತಿದ್ದರು. ಆದರೂ ಅರ್ಥ ತಿಳಿಯದಿದ್ದಾಗ ನಾನು ಕೇಳುತ್ತಿದ್ದುದು ಅವರನ್ನೇ. ಬೈದು, ಆಮೇಲೆ ಹೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಅಟ್ಟದಲ್ಲಿದ್ದರೂ ಪುಸ್ತಕದ ಅಂಚನ್ನು ಮಾತ್ರ ಹುಳು ತಿಂದಿದೆ. ಈ ತಿಂಗಳು ಪ್ರತಿ ರಾತ್ರಿ ಅದರಲ್ಲಿನ ಹತ್ತು ಪದಗಳನ್ನು ಕಿಟ್ಟೆಲರ ಕೋಶದಲ್ಲಿ ಹುಡುಕುತ್ತಿದ್ದೇನೆ. ಹಲವು ಸಿಕ್ಕವು. ಸಿಗದವನ್ನು ಬೇರೆ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ರಜೆ ಬಂದಾಗ ಆ ಹಳ್ಳಿಗಳಿಗೆ ಒಮ್ಮೆ ಹೋಗಿ ಬರಬೇಕು. ಮೂರನೆಯ ರಾಜೀನಾಮೆ ಪತ್ರವನ್ನು ಇನ್ನೂ ಬರೆದಿಲ್ಲ, ಬರೆಯುವುದೇ ಇಲ್ಲವೆಂದು ಆಣೆ ಇಡಲಾರೆ.

ಹುಡುಗನಿಗೆ ದೂರವಾಣಿ ಮಾಡಿ, ನಿನ್ನದು ಬೇಸರವೋ ಅವಮಾನವೋ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಬೇಸರ ಸಾರ್. ನಿದ್ದೆ ಇಲ್ಲ, ಅಷ್ಟೆ" ಎಂದ. ಹಗಲು ಪಾಳಿ ಕೇಳಿದ್ದಾನಂತೆ. ಸಿಕ್ಕರೆ ಸಂಬಳ ಸ್ವಲ್ಪ ಇಳಿಯುತ್ತದಂತೆ. ಬರೆಯುತ್ತಿದ್ದೀಯೋ ಎಂದೆ. ಎರಡು ಕಥೆ ಬರೆದು ಪತ್ರಿಕೆಗೆ ಕಳುಹಿಸಿದ್ದಾನೆ. ಯಾವ ಪತ್ರಿಕೆಗೆ ಎಂದರೆ ಹೇಳಲಿಲ್ಲ. ಹುಡುಕಿ ಓದುತ್ತೇನೆ, ಯಾವ ವಾರ ಬರುತ್ತದೆ ಹೇಳು ಎಂದು ಒತ್ತಾಯಿಸಿದೆ.

"ಬಂದರೂ ನಿಮಗೆ ಗೊತ್ತಾಗುವುದಿಲ್ಲ ಸಾರ್" ಎಂದು ನಕ್ಕ. "ಹೆಸರು ಬೇರೆ ಇಟ್ಟುಕೊಂಡಿದ್ದೇನೆ."